ಭೂಕಂಪದಿಂದ ಬದುಕುಳಿದ ಮಕ್ಕಳು ಮತ್ತು ಡಾಕ್ಟರ್ ಮಾಂಟೆಸ್ಸರಿ

ನಿಮ್ಮ ಬಡಾವಣೆಯಲ್ಲಿ ಮಾಂಟೆಸ್ಸರಿ ಎಂಬ ಫಲಕ ಹಾಕಿಕೊಂಡ ಶಾಲೆ ಒಂದಾದರೂ ಇರಬಹುದು. ಅದು ಪಾಠ ಹೇಳುವ ಒಂದು ಕ್ರಮ ಎಂದು ಹೆಚ್ಚಿನವರಿಗೆ ಗೊತ್ತು. ಒಬ್ಬ ಮಹಿಳೆಯ ಹೆಸರು ಎಂದು ಕೆಲವರಿಗೆ ಗೊತ್ತು. ಆಕೆ ಮೊದಲಿಗೆ ಡಾಕ್ಟರ್, ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ದುಡಿದವರು ಎಂದು ತಿಳಿದವರು ಕಡಿಮೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ನಮ್ಮ ಪಕ್ಕದ ಚೆನ್ನೈನ ಅಡ್ಯಾರ್‌ನಲ್ಲಿ ನೆಲೆಸಿದ್ದರು ಎಂದರೆ ನೀವು ಅಚ್ಚರಿಪಡಬಹುದು.

1939ರ ನವೆಂಬರ್‌ನಲ್ಲಿ ಮರಿಯಾ ಮಾಂಟೆಸ್ಸರಿ ಮದ್ರಾಸಿಗೆ ಬಂದಾಗ ಅವರಿಗೆ 69 ವರ್ಷ. ಆ ಹೊತ್ತಿಗೆ ಜಗತ್ತು ಅವರನ್ನು ಶಿಕ್ಷಣತಜ್ಞೆ ಎಂದೇ ಕರೆಯುತ್ತಿತ್ತು. ಈ ಅಂಕಣಕ್ಕೆ ಅವರು ಮುಖ್ಯರಾಗುವುದು ಬೇರೆ ಕಾರಣಕ್ಕೆ. ಅದಕ್ಕೂ 30 ವರ್ಷ ಹಿಂದೆ ಇಟಲಿಯಲ್ಲಿ ದೊಡ್ಡ ಭೂಕಂಪವೊಂದು ಆಗಿತ್ತು. ಅವಶೇಷಗಳಡಿಯಿಂದ ಹೊರತೆಗೆದ ಅನಾಥ ಮಕ್ಕಳು ಗಾಯ ಮಾಯ್ದ ಮೇಲೂ ಉಣ್ಣದೆ, ಮಲಗದೆ, ಮಾತಾಡದೆ ಕುಳಿತಿದ್ದನ್ನು ಅವರು ಹತ್ತಿರದಿಂದ ಕಂಡಿದ್ದರು. ಅಂಥ ಮಗುವಿಗೆ ಮುಂದೆ ಏನು ಮಾಡಬೇಕು ಎಂಬ ಪ್ರಶ್ನೆ ಇಂದಿಗೂ ಪ್ರತಿ ದುರಂತದ ನಂತರ ವೈದ್ಯರ ಮುಂದೆ, ತಂದೆತಾಯಿಯ ಮುಂದೆ ಬಂದು ನಿಲ್ಲುತ್ತದೆ.

ಆಸ್ಪತ್ರೆಯಲ್ಲಿ ಕಳೆದ ವರ್ಷಗಳು

ಮರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕ್ಯಾರವಾಲೆ ಎಂಬ ಊರಿನಲ್ಲಿ. ರೋಮ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ 1896ರಲ್ಲಿ ಪದವಿ ಪಡೆದರು. ಅವರೇ ಇಟಲಿಯ ಮೊದಲ ಮಹಿಳಾ ವೈದ್ಯೆ ಎಂದು ಅನೇಕ ಕಡೆ ಬರೆದಿರುವುದನ್ನು ನೀವು ನೋಡಿರಬಹುದು. ಅದು ಸರಿಯಲ್ಲ, ಅವರಿಗಿಂತ ಮೊದಲೂ ಕೆಲವು ಮಹಿಳೆಯರು ಪದವಿ ಪಡೆದಿದ್ದರು. ಹಾಗೆಂದು ಅವರ ಹಾದಿ ಸುಲಭವಾಗಿರಲಿಲ್ಲ. ಗಂಡಸರ ಜೊತೆ ನಿಂತು ಹೆಣ ಕೊಯ್ದು ಕಲಿಯುವುದು ಹೆಣ್ಣಿಗೆ ತಕ್ಕದ್ದಲ್ಲ ಎಂದು, ತರಗತಿ ಮುಗಿದ ಮೇಲೆ ಒಬ್ಬರೇ ಆ ಕೋಣೆಯಲ್ಲಿ ನಿಂತು ಕಲಿಯಬೇಕಾಗಿತ್ತು.

ಓದಿನ ಕೊನೆಯ ಎರಡು ವರ್ಷ ಅವರು ಮಕ್ಕಳ ವೈದ್ಯಕೀಯ ಮತ್ತು ಮನೋವೈದ್ಯಕೀಯವನ್ನು ವಿಶೇಷವಾಗಿ ಕಲಿತರು. ಮಕ್ಕಳ ಹೊರರೋಗಿ ವಿಭಾಗದಲ್ಲೂ ತುರ್ತು ವಿಭಾಗದಲ್ಲೂ ಕೆಲಸ ಮಾಡಿದರು. ಪದವಿಯ ನಂತರ ರೋಮ್‌ನ ಸಾಂತೊ ಸ್ಪಿರಿತೊ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಾ ಸಹಾಯಕಿಯಾದರು. ಅಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಬಡವರು, ಬಡವರ ಮಕ್ಕಳು. ವಿಶ್ವವಿದ್ಯಾಲಯದ ಮನೋವೈದ್ಯಕೀಯ ಚಿಕಿತ್ಸಾಲಯದ ಕೆಲಸದ ಮೇಲೆ ಹುಚ್ಚಾಸ್ಪತ್ರೆಗಳಿಗೂ ಹೋಗಬೇಕಾಗುತ್ತಿತ್ತು. ಬುದ್ಧಿ ಬೆಳೆಯದ ಮಕ್ಕಳನ್ನು ದೊಡ್ಡವರ ಜೊತೆಗೇ ಬರಿಗೋಡೆಗಳ ನಡುವೆ ಕೂಡಿಹಾಕಿದ್ದನ್ನು ಅವರು ಕಂಡದ್ದು ಅಲ್ಲೇ. ಊಟದ ನಂತರ ಆ ಮಕ್ಕಳು ನೆಲದ ಮೇಲೆ ಬಿದ್ದ ಬ್ರೆಡ್ಡಿನ ಚೂರುಗಳನ್ನು ಹೆಕ್ಕುತ್ತಿದ್ದವಂತೆ. ನೋಡಿಕೊಳ್ಳುವವರಿಗೆ ಅದು ಹೊಟ್ಟೆಬಾಕತನವಾಗಿ ಕಂಡಿತ್ತು. ಆ ಕೋಣೆಯಲ್ಲಿ ಕೈಗೆ ಹಿಡಿಯಲು ಬೇರೆ ಏನೂ ಇಲ್ಲ ಎಂಬುದು ಮಾಂಟೆಸ್ಸರಿಯವರಿಗೆ ಹೊಳೆಯಿತು. ಮಗುವಿನ ಕೈಗೆ ಕೆಲಸ ಬೇಕು ಎಂಬ ಅವರ ಇಡೀ ವಿಚಾರ ಬೆಳೆದದ್ದು ಇಂಥ ಕೋಣೆಗಳಲ್ಲಿ.

1907ರ ಜನವರಿ 6ರಂದು ರೋಮ್‌ನ ಸಾನ್ ಲೊರೆಂಜೊ ಎಂಬ ಬಡ ಕೇರಿಯಲ್ಲಿ ಅವರು ಮೊದಲ ಮಕ್ಕಳ ಮನೆಯನ್ನು ತೆರೆದರು. ಅದರ ಕಥೆ ಬೇಕಾದಷ್ಟು ಕಡೆ ಸಿಗುತ್ತದೆ, ಇಲ್ಲಿ ಬೇಡ. ಅದಾಗಿ ಎರಡು ವರ್ಷ ತುಂಬುವ ಮೊದಲೇ ಭೂಮಿ ನಡುಗಿತು.

1908ರ ಡಿಸೆಂಬರ್ 28

ಅಂದು ಸೋಮವಾರ, ಬೆಳಗಿನ ಜಾವ 5.20ರ ಸುಮಾರು. ಇಟಲಿಯ ದಕ್ಷಿಣ ತುದಿಯಲ್ಲಿ ಕಡಲಿನ ಆಚೆ ಈಚೆ ಇರುವ ಮೆಸ್ಸಿನಾ ಮತ್ತು ರೆಜ್ಜಿಯೊ ಪಟ್ಟಣಗಳು ಇನ್ನೂ ನಿದ್ದೆಯಲ್ಲಿದ್ದವು. ಭೂಕಂಪದ ತೀವ್ರತೆ 7.1. ಮೆಸ್ಸಿನಾದ 100ಕ್ಕೆ 90ಕ್ಕೂ ಹೆಚ್ಚು ಕಟ್ಟಡಗಳು ಕುಸಿದವು. ದಡಕ್ಕೆ ಓಡಿ ಬಂದವರ ಮೇಲೆ ಕೆಲವೇ ನಿಮಿಷಗಳಲ್ಲಿ ಸುನಾಮಿ ಅಲೆ ಬಂದೆರಗಿತು. ಸತ್ತವರ ಲೆಕ್ಕ 75,000ದಿಂದ ಒಂದು ಲಕ್ಷ ದಾಟುವವರೆಗೂ ಹೋಗುತ್ತದೆ. ಊರಿಗೆ ಊರೇ ನೆಲಸಮವಾದಾಗ ಗಾಯಾಳುಗಳನ್ನು ನೋಡಲು ಅಲ್ಲಿ ಆಸ್ಪತ್ರೆ ಎಲ್ಲಿಯದು? ಹತ್ತಿರದಲ್ಲಿದ್ದ ರಷ್ಯಾ ಮತ್ತು ಬ್ರಿಟನ್ನಿನ ಹಡಗುಗಳ ನಾವಿಕರು ಮೊದಲಿಗೆ ಬಂದು ಜನರನ್ನು ಹೊರಗೆಳೆದರು. ಗಾಯಗೊಂಡವರನ್ನು ಹಡಗುಗಳಲ್ಲಿ ನೇಪಲ್ಸ್, ಪಲೆರ್ಮೊ ಮುಂತಾದ ಊರುಗಳ ಆಸ್ಪತ್ರೆಗಳಿಗೆ ಸಾಗಿಸಿದರು. ಇಟಲಿಯ ರಾಣಿ ಎಲೆನಾ ಸ್ವತಃ ಬಂದು ಗಾಯಾಳುಗಳ ಶುಶ್ರೂಷೆಗೆ ನಿಂತರು.

ಇಂಥ ಹೊತ್ತಿನಲ್ಲಿ ಮಗುವಿನ ದೇಹಕ್ಕೆ ಏನಾಗುತ್ತದೆ? ಇದನ್ನು ತಿಳಿದಿರುವುದು ನಿಮಗೂ ಒಳ್ಳೆಯದು. ಭೂಕಂಪದಲ್ಲಿ ಬದುಕುಳಿದವರಿಗೆ ಬೇಕಾಗುವ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚಿನ ಪಾಲು ಮೂಳೆ ಮತ್ತು ಗಾಯಗಳದ್ದು. ಮಕ್ಕಳಲ್ಲಿ ಇದರ ಲೆಕ್ಕವೇ ಬೇರೆ. ಮಗುವಿನ ಮೈಯಲ್ಲಿ ಪ್ರತಿ ಕಿಲೋ ತೂಕಕ್ಕೆ ಸುಮಾರು 80 ಮಿಲಿ ರಕ್ತ ಇರುತ್ತದೆ. 12 ಕಿಲೋ ತೂಗುವ ಮಗುವಿನಲ್ಲಿ ಒಟ್ಟು ರಕ್ತ ಒಂದು ಲೀಟರ್ ಕೂಡ ಆಗುವುದಿಲ್ಲ. ನಮ್ಮ ಕಣ್ಣಿಗೆ ಒಂದು ಲೋಟದಷ್ಟು ಎನಿಸುವ ರಕ್ತ ಹೋದರೆ ಅದರ ಐದನೇ ಒಂದು ಪಾಲು ಹೋದಂತೆ. ಆದರೂ ರಕ್ತದೊತ್ತಡ ತುಂಬಾ ಹೊತ್ತು ಇಳಿಯುವುದಿಲ್ಲ, ಮಗು ಚೆನ್ನಾಗಿದೆ ಎಂದೇ ತೋರುತ್ತದೆ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಹಾಗಾಗಿ ಕೈಕಾಲು ತಣ್ಣಗಾಗುವುದು, ನಾಡಿ ಜೋರಾಗುವುದು, ಮಂಪರು ಬರುವುದು, ಇವನ್ನು ಗಮನಿಸಬೇಕು. ಮೈಯ ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ಹರಹು ದೊಡ್ಡದು, ಶಾಖ ಬೇಗ ಕಳೆದುಹೋಗುತ್ತದೆ. ಮೆಸ್ಸಿನಾದಲ್ಲಿ ಅದು ಚಳಿಗಾಲದ ನಡುಮಧ್ಯ. ಹೊದಿಕೆಯೂ ಔಷಧವೇ ಆಗಿತ್ತು.

ಇನ್ನೊಂದು ಅಪಾಯ ಹೊರಗೆ ಕಾಣುವುದೇ ಇಲ್ಲ. ಕಾಲು ಅಥವಾ ತೋಳು ಗಂಟೆಗಟ್ಟಲೆ ಭಾರದಡಿ ಸಿಕ್ಕಿಬಿದ್ದರೆ ಅಲ್ಲಿನ ಸ್ನಾಯು ಸಾಯುತ್ತದೆ. ಭಾರ ತೆಗೆದ ಕೂಡಲೇ ಆ ಸತ್ತ ಸ್ನಾಯುವಿನಿಂದ ಪೊಟ್ಯಾಸಿಯಂ ಮತ್ತು ಮಯೊಗ್ಲೋಬಿನ್ ಎಂಬ ಪ್ರೋಟೀನು ರಕ್ತಕ್ಕೆ ನುಗ್ಗುತ್ತವೆ. ಪೊಟ್ಯಾಸಿಯಂ ಹೃದಯವನ್ನು ನಿಲ್ಲಿಸಬಹುದು, ಮಯೊಗ್ಲೋಬಿನ್ ಮೂತ್ರಪಿಂಡವನ್ನು ಕೆಡಿಸುತ್ತದೆ. ನಗುತ್ತಾ ಹೊರಬಂದ ವ್ಯಕ್ತಿ ಗಂಟೆಗಳೊಳಗೆ ಅಥವಾ ಕೆಲವೇ ದಿನಗಳಲ್ಲಿ ತೀರಿಕೊಳ್ಳುವುದು ಹೀಗೆ. ಮೆಸ್ಸಿನಾದ ಗಾಯಾಳುಗಳಲ್ಲೇ ವೈದ್ಯರು ಇದನ್ನು ಗಮನಿಸಿದ್ದರು. ಆದರೆ 1941ರಲ್ಲಿ, ಲಂಡನ್ ಮೇಲೆ ಬಾಂಬ್ ಬಿದ್ದ ಕಾಲದಲ್ಲಿ, ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು ವಿವರವಾಗಿ ಬರೆದ ಮೇಲೆಯೇ ಅದು ಕ್ರಷ್ ಸಿಂಡ್ರೋಮ್ ಎಂದು ಎಲ್ಲೆಡೆ ಪರಿಚಿತವಾಯಿತು. ಈಗ ಸಾಧ್ಯವಾದಲ್ಲೆಲ್ಲ ಭಾರ ಎತ್ತುವ ಮೊದಲೇ ಸಲೈನ್ ಡ್ರಿಪ್ ಹಾಕುತ್ತಾರೆ. ಮಗು ಎಷ್ಟು ಹೊತ್ತು ಸಿಕ್ಕಿಬಿದ್ದಿತ್ತು ಎಂಬುದನ್ನು ರಕ್ಷಣಾ ತಂಡಕ್ಕೆ ತಪ್ಪದೆ ಹೇಳಿ.

ಮಣ್ಣು ಸೇರಿದ ಗಾಯವನ್ನು ತಕ್ಷಣ ಹೊಲಿಯದೆ, ತೊಳೆದು ಕೆಲವು ದಿನ ತೆರೆದಿಟ್ಟು ಆಮೇಲೆ ಮುಚ್ಚುವುದು ವೈದ್ಯರ ಪದ್ಧತಿ. ಗಾಯ ಹಾಗೇ ಬಿಟ್ಟಿದ್ದಾರೆ ಎಂದು ಬೈಯಬೇಡಿ. ಧನುರ್ವಾಯು ಲಸಿಕೆ ಆಗಿದೆಯೇ ಎಂದು ಕೇಳುತ್ತಾರೆ, ತಾಯಿ ಕಾರ್ಡ್ ಕೈಗೆ ಸಿಕ್ಕರೆ ತೋರಿಸಿ. ಮಕ್ಕಳ ಮೂಳೆಯ ತುದಿಯಲ್ಲಿ ಬೆಳೆಯುವ ಭಾಗ ಒಂದಿರುತ್ತದೆ. ಅದಕ್ಕೆ ಪೆಟ್ಟಾದರೆ ಮುಂದೆ ಕಾಲು ಗಿಡ್ಡವಾಗಬಹುದು, ಸೊಟ್ಟಗಾಗಬಹುದು. ಆದ್ದರಿಂದ ಪ್ಲಾಸ್ಟರ್ ತೆಗೆದ ಮೇಲೂ ಕೆಲವು ವರ್ಷ ತಪಾಸಣೆ ಬಿಡಬಾರದು.

ಕಾನ್ವೆಂಟಿನ ಅರವತ್ತು ಮಕ್ಕಳು

ಈಗ ರೋಮ್‌ಗೆ ಹೋಗೋಣ. ವಿಯಾ ಜುಸ್ತಿ ಎಂಬ ಬೀದಿಯಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿನಿಯರ ಕಾನ್ವೆಂಟ್ ಇತ್ತು. ಮೆಸ್ಸಿನಾದ ಅವಶೇಷಗಳ ನಡುವೆ ಒಂಟಿಯಾಗಿ ಸಿಕ್ಕಿದ ಸುಮಾರು 60 ಪುಟ್ಟ ಮಕ್ಕಳನ್ನು ಅಲ್ಲಿಗೆ ಕರೆತಂದರು. ಅವರ ಹೆಸರೇನು, ಯಾರ ಮನೆಯವರು, ಬಡವರೋ ಸಿರಿವಂತರೋ ಯಾರಿಗೂ ಗೊತ್ತಿರಲಿಲ್ಲ. ಮಾಂಟೆಸ್ಸರಿಯವರು ಮುಂದೆ ಬರೆದಿಟ್ಟ ಪ್ರಕಾರ, ಆಘಾತ ಆ ಮಕ್ಕಳನ್ನೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಮಾಡಿತ್ತು. ಎಲ್ಲರೂ ಮಂಕಾಗಿದ್ದರು, ಮಾತಿರಲಿಲ್ಲ, ಎದುರಿಗಿದ್ದದ್ದರ ಮೇಲೆ ಗಮನವಿರಲಿಲ್ಲ. ತಿನ್ನಿಸುವುದು ಕಷ್ಟ, ಮಲಗಿಸುವುದು ಇನ್ನೂ ಕಷ್ಟ. ರಾತ್ರಿಯಾದರೆ ಕಿರುಚಾಟ, ಅಳು.

ಆ ಕಾಲದ ವೈದ್ಯಕೀಯದಲ್ಲಿ ಇದಕ್ಕೆ ಹೇಳಿಕೊಳ್ಳುವಂಥ ಚಿಕಿತ್ಸೆ ಇರಲಿಲ್ಲ. ಗಾಯ ಇದ್ದರೆ ಪಟ್ಟಿ, ಜ್ವರ ಇದ್ದರೆ ಔಷಧಿ, ಅಷ್ಟೇ. ಆ ಕಾನ್ವೆಂಟಿನಲ್ಲಿ ಮಾಡಿದ್ದು ಬೇರೆ. ಮಕ್ಕಳ ಎತ್ತರಕ್ಕೆ ತಕ್ಕ ಮೇಜು ಕುರ್ಚಿ ಬಂದವು, ಗಾಢ ಬಣ್ಣದ ಪೀಠೋಪಕರಣ, ಮಕ್ಕಳೇ ತೆರೆದು ಮುಚ್ಚುವ ಪುಟ್ಟ ಕಪಾಟು, ಪರದೆ. ತಟ್ಟೆ, ಕರವಸ್ತ್ರ, ಸೋಪು, ಟವೆಲು ಎಲ್ಲ ಆ ಪುಟ್ಟ ಕೈಗಳ ಅಳತೆಗೆ. ಮೇಜಿನ ಮೇಲೆ ಹೂವು. ಹೊರಗೆ ದೊಡ್ಡ ತೋಟ, ಬಂಗಾರದ ಮೀನಿನ ಕೊಳ, ಪಾರಿವಾಳ. ಬೂದುಬಣ್ಣದ ನಿಲುವಂಗಿಯ ಸನ್ಯಾಸಿನಿಯರು ಅವಸರವಿಲ್ಲದೆ ಓಡಾಡುತ್ತಾ, ಊಟಕ್ಕೆ ಹೇಗೆ ಕೂರಬೇಕು, ಹೇಗೆ ಬಡಿಸಬೇಕು, ಲೋಟ ಹೇಗೆ ಹಿಡಿಯಬೇಕು ಎಂದು ಒಂದೊಂದಾಗಿ ತೋರಿಸಿಕೊಟ್ಟರು. ಮಕ್ಕಳು ಅದನ್ನು ಎಷ್ಟು ಬೇಕೋ ಅಷ್ಟು ಸಲ ಮಾಡಿದರು. ಹಸಿವಿಲ್ಲದೆ ಕುಳಿತಿದ್ದವರು ಪಳಗಿದ ಮಾಣಿಗಳಂತೆ ಬಡಿಸಲು ನಿಂತರು. ತಾವು ಉಣ್ಣದಿದ್ದರೂ ಬಡಿಸುವ ಕ್ರಮದಲ್ಲಿ ಅವರಿಗೆ ಆಸಕ್ತಿ ಬಂದಿತ್ತು. ನಿಧಾನಕ್ಕೆ ಹಸಿವು ಮರಳಿತು, ನಿದ್ದೆ ಮರಳಿತು. ಮಕ್ಕಳು ತೋಟದಲ್ಲಿ ಓಡತೊಡಗಿದರು, ಕೋಣೆಯ ಸಾಮಾನನ್ನು ಮರದಡಿಗೆ ಹೊತ್ತುಕೊಂಡು ಹೋಗಿ ಜೋಡಿಸತೊಡಗಿದರು. ಮುಖದಲ್ಲಿ ನಗು ಕಂಡಿತು.

ಇದು ಪವಾಡದ ಕಥೆಯಂತೆ ಕೇಳಿಸಬಹುದು, ಹಾಗೆಂದು ನಂಬಿಬಿಡಬೇಡಿ. ಇದನ್ನು ದಾಖಲಿಸಿದವರು ಮಾಂಟೆಸ್ಸರಿಯವರೇ. ಹೋಲಿಸಿ ನೋಡಲು ಬೇರೊಂದು ಗುಂಪಿನ ಮಕ್ಕಳಿರಲಿಲ್ಲ, ಅಳೆಯುವ ಮಾಪನವೂ ಇರಲಿಲ್ಲ. ದೊಡ್ಡ ಆಘಾತ ಕಂಡ ಮಕ್ಕಳಲ್ಲಿ ಬಹಳಷ್ಟು ಮಂದಿ ಸುರಕ್ಷಿತ ಜಾಗ ಮತ್ತು ಪ್ರೀತಿಯ ಆರೈಕೆ ಸಿಕ್ಕರೆ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ ಎಂದು ಈಗ ನಮಗೆ ಗೊತ್ತಿದೆ. ಆದರೂ ಆ ಕಾನ್ವೆಂಟಿನ ಆರೈಕೆಯಲ್ಲಿ ಇಂದಿನ ಸಲಹೆಗಳ ಮುಖ್ಯ ಅಂಶಗಳೆಲ್ಲ ಇದ್ದವು. ಸುರಕ್ಷಿತ ಜಾಗ, ದಿನಾ ಒಂದೇ ಹೊತ್ತಿಗೆ ನಡೆಯುವ ಕೆಲಸಗಳು, ಬದಲಾಗದ ಅದೇ ಮುಖಗಳು, ಮಗು ತಾನೇ ಮಾಡಿ ಮುಗಿಸಬಹುದಾದ ಕೆಲಸ. ಮಾಂಟೆಸ್ಸರಿಯವರ ಬರಹದಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಇನ್ನೊಂದು. ಏನಾಯಿತು ಹೇಳು ಎಂದು ಆ ಮಕ್ಕಳನ್ನು ಯಾರಾದರೂ ಕೆದಕಿದ ಮಾತೇ ಅದರಲ್ಲಿ ಬರುವುದಿಲ್ಲ.

ದುರಂತವಾದ ಕೂಡಲೇ ನಡೆದದ್ದನ್ನೆಲ್ಲ ಬಾಯಿಬಿಡಿಸುವುದರಿಂದ ಮನಸ್ಸು ಹಗುರಾಗುತ್ತದೆ ಎಂದು ಒಂದು ಕಾಲದಲ್ಲಿ ನಂಬಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಈಗ ಅದನ್ನು ಶಿಫಾರಸು ಮಾಡುವುದಿಲ್ಲ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ಹೇಳದಿದ್ದರೆ ಬಿಡಿ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುವುದು, ಸೆರಗು ಬಿಡದೆ ಅಂಟಿಕೊಳ್ಳುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಭೂಕಂಪದ ಆಟವನ್ನೇ ಮತ್ತೆ ಮತ್ತೆ ಆಡುವುದು, ಇವೆಲ್ಲ ಮೊದಲ ಕೆಲವು ವಾರ ಕಾಣಿಸಿಕೊಳ್ಳುವುದು ಸಹಜ. ಬೈದರೆ ಹೆಚ್ಚಾಗುತ್ತದೆ. ಟಿವಿಯಲ್ಲಿ ಕಟ್ಟಡ ಬೀಳುವ ದೃಶ್ಯ ಹಾಕಿಟ್ಟುಕೊಂಡು ಕೂರಬೇಡಿ. ತಿಂಗಳು ಕಳೆದರೂ ಮಗು ಸರಿಯಾಗಿ ಉಣ್ಣದಿದ್ದರೆ, ಮಲಗದಿದ್ದರೆ, ಆಡದಿದ್ದರೆ ವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಒಂಟಿಯಾಗಿ ಸಿಕ್ಕ ಮಗುವನ್ನು ಮಾತ್ರ ಯಾರೋ ನೆಂಟರೆಂದು ಬಂದವರ ಕೈಗೆ ಕೊಡಬೇಡಿ. ಸಿಕ್ಕ ಜಾಗ, ಹೊತ್ತು, ಮೈಮೇಲಿದ್ದ ಬಟ್ಟೆ ಬರೆದಿಟ್ಟು 1098ಕ್ಕೆ ತಿಳಿಸಿ. ಮೆಸ್ಸಿನಾದ ಆ 60 ಮಕ್ಕಳ ಹೆಸರೂ ಉಳಿಯದೇ ಹೋದದ್ದು ನೆನಪಿರಲಿ.

ಬಿಳಿ ಶಿಲುಬೆಯ ಯೋಜನೆ

ಮೊದಲ ಮಹಾಯುದ್ಧ ಬಂದಾಗ ಮಾಂಟೆಸ್ಸರಿಯವರಿಗೆ ಮೆಸ್ಸಿನಾದ ಮಕ್ಕಳು ಮತ್ತೆ ನೆನಪಾದರು. ಗಾಯಗೊಂಡ ಸೈನಿಕರಿಗೆ ರೆಡ್ ಕ್ರಾಸ್ ಇದೆ, ನೊಂದ ಮಕ್ಕಳಿಗೆ ವೈಟ್ ಕ್ರಾಸ್ ಬೇಕು ಎಂದು 1917ರಲ್ಲಿ ಒಂದು ಯೋಜನೆ ಮುಂದಿಟ್ಟರು. ಅದರ ಕಾರ್ಯಕರ್ತೆಯರು ಅರ್ಧ ನರ್ಸ್, ಅರ್ಧ ಶಿಕ್ಷಕಿ. ಪ್ರಥಮ ಚಿಕಿತ್ಸೆ, ನರಮಂಡಲದ ಕಾಯಿಲೆಗಳು, ಪಥ್ಯಾಹಾರ, ಇವುಗಳ ಜೊತೆಗೆ ಮಕ್ಕಳ ಮನಸ್ಸಿನ ತಿಳಿವಳಿಕೆಯೂ ತರಬೇತಿಯಲ್ಲಿತ್ತು. ಹಣವೂ ಬೆಂಬಲವೂ ಸಿಗದೆ ಅದು ಕಾಗದದ ಮೇಲೇ ಉಳಿಯಿತು. ಅವರ ಬದುಕಿನ ದೊಡ್ಡ ಸೋಲು ಯಾವುದು ಎಂದರೆ ನಾನು ಇದನ್ನೇ ಹೇಳುತ್ತೇನೆ. ಶಾಲೆಗಳು ಹೇಗೂ ಬೆಳೆದವು. ದುರಂತದ ಊರಿಗೆ ಆ ಕೌಶಲ ಹೊತ್ತುಕೊಂಡು ಹೋಗುವ ಪಡೆ ಮಾತ್ರ ಹುಟ್ಟಲೇ ಇಲ್ಲ.

ಅವರ ಸ್ವಂತ ಬದುಕಿನಲ್ಲೂ ಒಂದು ಅಗಲಿಕೆ ಇತ್ತು. 1898ರಲ್ಲಿ ಮದುವೆಯಿಲ್ಲದೆ ಹುಟ್ಟಿದ ಮಗ ಮಾರಿಯೊನನ್ನು ಅವರು ಹಳ್ಳಿಯ ಒಂದು ಕುಟುಂಬದಲ್ಲಿ ಬೆಳೆಯಲು ಬಿಟ್ಟಿದ್ದರು. ಅದು ಬಯಲಾದರೆ ಆ ಕಾಲದಲ್ಲಿ ವೃತ್ತಿಯೇ ಮುಗಿದಂತೆ. ಮೆಸ್ಸಿನಾದ ಅನಾಥರು ರೋಮ್‌ಗೆ ಬಂದ ಕಾಲಕ್ಕೆ ಅವರ ಮಗ ಹತ್ತು ದಾಟಿದ ಹುಡುಗ, ಬೇರೆಯವರ ಆಸರೆಯಲ್ಲೇ ಇದ್ದ. ಮರಿಯಾ ಅವರ ತಾಯಿ 1912ರಲ್ಲಿ ತೀರಿಕೊಂಡ ಮೇಲಷ್ಟೇ ಮಗ ಅವರ ಜೊತೆ ಬಂದು ಸೇರಿದ್ದು. ಅದಾದ ಮೇಲೂ ಹೊರಗಿನವರಿಗೆ ಅಳಿಯನೆಂದೋ ದತ್ತುಪುತ್ರನೆಂದೋ ಹೇಳಬೇಕಾಗಿತ್ತು.

ಅಡ್ಯಾರ್‌ನಲ್ಲಿ

1934ರ ಹೊತ್ತಿಗೆ ಮುಸ್ಸೊಲಿನಿಯ ಸರ್ಕಾರದ ಜೊತೆ ಅವರ ಸಂಬಂಧ ಮುರಿದು ಇಟಲಿ ಬಿಡಬೇಕಾಯಿತು. ಥಿಯಾಸಾಫಿಕಲ್ ಸೊಸೈಟಿಯ ಅಧ್ಯಕ್ಷ ಜಾರ್ಜ್ ಅರುಂಡೇಲ್ ಮತ್ತು ಅವರ ಪತ್ನಿ ರುಕ್ಮಿಣಿ ದೇವಿಯವರ ಆಹ್ವಾನದ ಮೇಲೆ 1939ರಲ್ಲಿ ತಾಯಿ, ಮಗ ಇಬ್ಬರೂ ಮದ್ರಾಸಿಗೆ ಬಂದರು. ಅಡ್ಯಾರ್ ನದಿ ಕಡಲು ಸೇರುವಲ್ಲಿ, ದಕ್ಷಿಣ ದಂಡೆಯ ಮೇಲಿದೆ ಸೊಸೈಟಿಯ ಆ ದೊಡ್ಡ ತೋಟ. ಗರಿ ಹೊದಿಸಿದ ಚಪ್ಪರಗಳಡಿ ದೇಶದ ಎಲ್ಲ ಕಡೆಯಿಂದ ಬಂದ ಸುಮಾರು 300 ಮಂದಿಗೆ ತರಬೇತಿ ಶುರುವಾಯಿತು. ಅವರು ಇಟಾಲಿಯನ್ನಿನಲ್ಲಿ ಹೇಳುತ್ತಿದ್ದರು, ಮಾರಿಯೊ ಇಂಗ್ಲಿಷಿಗೆ ಅನುವಾದಿಸುತ್ತಿದ್ದರು.

ಕೆಲವು ತಿಂಗಳಿಗೆಂದು ಬಂದವರು ಸಿಕ್ಕಿಹಾಕಿಕೊಂಡರು. 1940ರ ಜೂನ್ 10ರಂದು ಇಟಲಿ ಯುದ್ಧಕ್ಕಿಳಿಯಿತು, ಬ್ರಿಟಿಷ್ ಭಾರತದಲ್ಲಿ ಇಬ್ಬರೂ ಶತ್ರುದೇಶದವರಾದರು. ಮಾರಿಯೊ ಅವರನ್ನು ಅಹ್ಮದ್‌ನಗರದ ಶಿಬಿರಕ್ಕೆ ಒಯ್ದರು. ತಾಯಿಯನ್ನು ಅಡ್ಯಾರ್‌ನ ಆವರಣ ಬಿಡದಂತೆ ಇರಿಸಿದರು. ಭಾಷೆ ಬಾರದ ಊರಿನಲ್ಲಿ, ತನ್ನ ಮಾತನ್ನು ಇತರರಿಗೆ ತಲುಪಿಸುತ್ತಿದ್ದ ಒಬ್ಬನೇ ಒಬ್ಬ ಜೊತೆಗಿಲ್ಲದೆ ಎರಡು ತಿಂಗಳಿಗೂ ಹೆಚ್ಚು ಕಳೆಯಿತು. ಆಗಸ್ಟ್ 31ರಂದು ಅವರಿಗೆ 70 ತುಂಬಿತು. ವೈಸರಾಯ್ ಆ ಹುಟ್ಟುಹಬ್ಬಕ್ಕೆ ಮಾರಿಯೊ ಅವರನ್ನು ಬಿಡುಗಡೆ ಮಾಡಿ ತಂತಿ ಕಳಿಸಿದರು, ಅದರಲ್ಲಿ ಮಾರಿಯೊ ಅವರನ್ನು ಮಗ ಎಂದೇ ಕರೆದಿದ್ದರು ಎಂದು ಹೇಳುತ್ತಾರೆ.

ಯುದ್ಧದ ಕೆಲವು ವರ್ಷ ಅವರು ಕೊಡೈಕೆನಾಲ್‌ನಲ್ಲಿದ್ದರು. ಭಾರತದಲ್ಲಿದ್ದ ಕಾಲದಲ್ಲಿ ಅವರ ಗಮನ ಮೂರು ವರ್ಷದೊಳಗಿನ ಶಿಶುಗಳ ಕಡೆಗೆ ಹೆಚ್ಚು ತಿರುಗಿತು. ಇಲ್ಲಿನ ತಾಯಂದಿರು ಎಲ್ಲಿಗೆ ಹೋದರೂ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗುವುದು, ಕೂಸು ಸಂತೆ, ಬಾವಿಕಟ್ಟೆ ಎಲ್ಲವನ್ನೂ ನೋಡುತ್ತಾ ಬೆಳೆಯುವುದು ಅವರಿಗೆ ಬಹಳ ಹಿಡಿಸಿತ್ತು. ಆ ಕಾಲದ ಉಪನ್ಯಾಸಗಳಿಂದ ರೂಪುಗೊಂಡ ದಿ ಅಬ್ಸಾರ್ಬೆಂಟ್ ಮೈಂಡ್ ಎಂಬ ಪುಸ್ತಕ 1949ರಲ್ಲಿ ಮೊದಲು ಅಚ್ಚಾದದ್ದು ಅಡ್ಯಾರ್‌ನಲ್ಲೇ.

ಚೆನ್ನೈ ಕೂಡ ಭೂಕಂಪಕ್ಕೆ ದೂರದ ಊರಲ್ಲ. 2002ರಲ್ಲಿ ದೇಶದ ಭೂಕಂಪ ವಲಯಗಳ ನಕ್ಷೆ ತಿದ್ದಿದಾಗ ಅದು ಎರಡನೇ ವಲಯದಿಂದ ಮೂರನೆಯದಕ್ಕೆ ಏರಿತು. 2004ರ ಡಿಸೆಂಬರ್ 26ರಂದು ಸುಮಾತ್ರಾ ಬಳಿ 9.1 ತೀವ್ರತೆಯ ಭೂಕಂಪವಾಗಿ, ಸುಮಾರು ಎರಡೂವರೆ ಗಂಟೆಯಲ್ಲಿ ಅಲೆಗಳು ಮರೀನಾ ಕಡಲತೀರಕ್ಕೆ ಬಂದವು. ಅಂದು ಭಾನುವಾರ. ತಮಿಳುನಾಡಿನಲ್ಲಿ ನಾಗಪಟ್ಟಿನಂ ಎಲ್ಲಕ್ಕಿಂತ ಹೆಚ್ಚು ಜೀವ ಕಳೆದುಕೊಂಡಿತು. ಅಲ್ಲಿನ ಮಕ್ಕಳ ಜೊತೆ ಕೆಲಸ ಮಾಡಲು ಸ್ಥಳೀಯರಿಗೆ ತರಬೇತಿ ಕೊಟ್ಟವರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ತಂಡವೂ ಇತ್ತು. ಚಿತ್ರ ಬರೆಸುವುದು, ಆಟ ಆಡಿಸುವುದು, ಶಾಲೆಯನ್ನು ಬೇಗ ಶುರುಮಾಡುವುದು ಆ ಕೆಲಸದ ಭಾಗವಾಗಿದ್ದವು.

ಮಾಂಟೆಸ್ಸರಿಯವರು 1946ರಲ್ಲಿ ಯುರೋಪಿಗೆ ಮರಳಿ, ಮರುವರ್ಷ ಮತ್ತೆ ಭಾರತಕ್ಕೆ ಬಂದು, 1949ರಲ್ಲಿ ಕೊನೆಯ ಸಲ ಹೊರಟರು. 1952ರ ಮೇ 6ರಂದು ನೆದರ್ಲೆಂಡ್ಸ್‌ನ ಕಡಲತೀರದ ಊರಾದ ನೂರ್ಡ್‌ವೈಕ್‌ನಲ್ಲಿ, 81ನೇ ವಯಸ್ಸಿನಲ್ಲಿ ತೀರಿಕೊಂಡರು. ಅಂದು ಅವರು ಮಾರಿಯೊ ಜೊತೆ ಮಾತಾಡುತ್ತಿದ್ದದ್ದು ಶಿಕ್ಷಕರಿಗೆ ತರಬೇತಿ ಕೊಡಲು ಆಫ್ರಿಕಾಕ್ಕೆ ಹೋಗುವ ವಿಚಾರವಂತೆ.